ಓದುಗರ ಪ್ರಶ್ನೆ: ಹೆಲೆನ್‌ಳ ಬೀಗದ ಕೈ

ಈ ಸಲದ ಪ್ರಶ್ನೆಗಳೆಲ್ಲ ಒಂದೇ ಪುಸ್ತಕದ ಬಗ್ಗೆ: ಆನ್ ಬ್ರಾಂಟೆ 1848ರಲ್ಲಿ ಆಕ್ಟನ್ ಬೆಲ್ ಎಂಬ ಹೆಸರಿಟ್ಟುಕೊಂಡು ಪ್ರಕಟಿಸಿದ ‘ದ ಟೆನೆಂಟ್ ಆಫ್ ವೈಲ್ಡ್‌ಫೆಲ್ ಹಾಲ್’. ಓದದವರಿಗೆ ಕಥೆ ಇಷ್ಟು. ಹೆಲೆನ್ ತನ್ನ ಗಂಡ ಆರ್ಥರ್ ಹಂಟಿಂಗ್ಡನ್‌ನ ಕುಡಿತ, ವ್ಯಭಿಚಾರ ತಾಳಲಾರದೆ ಪುಟ್ಟ ಮಗನನ್ನು ಕರೆದುಕೊಂಡು ಮನೆ ಬಿಡುತ್ತಾಳೆ. ಬೇರೆ ಹೆಸರಿನಲ್ಲಿ ಒಂದು ಹಳೇ ಮನೆಯಲ್ಲಿದ್ದು, ಚಿತ್ರ ಬರೆದು ಮಾರಿ ಜೀವನ ಮಾಡುತ್ತಾಳೆ. ಆ ಊರಿನ ಯುವಕ ಗಿಲ್ಬರ್ಟ್ ಅವಳನ್ನು ಪ್ರೀತಿಸುತ್ತಾನೆ.

ಹಂಟಿಂಗ್ಡನ್ ಕುಡಿಯದೇ ಇದ್ದಿದ್ದರೆ ಸಂಸಾರ ಸರಿಹೋಗುತ್ತಿತ್ತು ಅಂತ ತರಗತಿಯಲ್ಲಿ ಎಲ್ಲರೂ ಅಂದರು. ನನಗೇಕೋ ಒಪ್ಪಿಗೆಯಾಗಲಿಲ್ಲ. ಸಮರ್ಥನೆಗೆ ಏನು ಹೇಳಲಿ?
– ಬಿ.ಎ. ವಿದ್ಯಾರ್ಥಿನಿ, ತಿಪಟೂರು

ನಿಮ್ಮ ಅನುಮಾನ ಸರಿ. ಸಮರ್ಥನೆ ನಲವತ್ತನೇ ಅಧ್ಯಾಯದಲ್ಲಿದೆ. ಹೆಲೆನ್ ಹಜಾರದಲ್ಲಿ ಕೂತು ದಿನಚರಿ ಬರೆಯುತ್ತಿದ್ದಾಳೆ. ಗಂಡ ಸೋಫಾದ ಮೇಲೆ ಮಲಗಿ ನಿದ್ದೆಹೋಗಿದ್ದಾನೆ ಅಂದುಕೊಂಡಿದ್ದಾಳೆ. ಅವನು ಸದ್ದಿಲ್ಲದೆ ಎದ್ದುಬಂದು ಬೆನ್ನ ಹಿಂದೆ ನಿಂತು ಓದುತ್ತಾನೆ. ಆಮೇಲೆ ಪುಸ್ತಕವನ್ನು ಕಿತ್ತುಕೊಂಡು, ಕುರ್ಚಿ ಎಳೆದುಕೊಂಡು, ನಿಧಾನವಾಗಿ ಹಿಂದಿನ ಪುಟಗಳನ್ನೆಲ್ಲ ತಿರುವಿಹಾಕುತ್ತಾನೆ. ಮನೆ ಬಿಟ್ಟುಹೋಗುವ ಅವಳ ಯೋಜನೆ ಗೊತ್ತಾಗಿಬಿಡುತ್ತದೆ. ಇಲ್ಲಿ ಹೆಲೆನ್ ಬರೆದ ಒಂದು ವಾಕ್ಯವನ್ನು ತಪ್ಪದೆ ಗುರುತು ಹಾಕಿಕೊಳ್ಳಿ: ತನ್ನ ದುರದೃಷ್ಟಕ್ಕೆ ಆ ರಾತ್ರಿ ಅವನು ಎಂದಿಗಿಂತ ಕಡಿಮೆ ಕುಡಿದಿದ್ದ, ಎನ್ನುತ್ತಾಳೆ. ಅಂದರೆ ಇಡೀ ಪುಸ್ತಕದ ಅತಿ ಕ್ರೂರ ಕೆಲಸವನ್ನು ಅವನು ಮೈಮೇಲೆ ಎಚ್ಚರವಿದ್ದೇ ಮಾಡುತ್ತಾನೆ.

ಮುಂದಿನದನ್ನು ಕ್ರಮವಾಗಿ ನೋಡಿ. ಮೊದಲು ಬೀರು, ಮೇಜು, ಸೆಳೆಖಾನೆಗಳ ಬೀಗದ ಕೈ ಕೇಳುತ್ತಾನೆ. ಆಮೇಲೆ ಬಣ್ಣ, ಕುಂಚ, ವಾರ್ನಿಷ್ ಎಲ್ಲ ಬೆಂಕಿಗೆ. ಬಣ್ಣ ಕಲಸುವ ಚೂರಿಗಳನ್ನು ಎರಡು ತುಂಡು ಮಾಡುತ್ತಾನೆ. ಎಣ್ಣೆ, ಟರ್ಪೆಂಟೈನ್ ಬಿದ್ದಾಗ ಬೆಂಕಿ ಭುಗಿಲೆಂದು ಚಿಮಣಿಗೇರುತ್ತದೆ. ಚಿತ್ರದ ಚೌಕಟ್ಟು, ಕ್ಯಾನ್ವಾಸುಗಳನ್ನು ಒಲೆ ಹೊತ್ತಿಸಲು ಒಯ್ಯುವಂತೆ ಆಳಿಗೆ ಹೇಳುತ್ತಾನೆ, ಅದೂ ಹೆಂಡತಿಯ ಎದುರಿಗೇ. ಕೊನೆಗೆ ಅವಳ ದುಡ್ಡು, ಒಡವೆ. ಇನ್ನುಮೇಲೆ ತಿಂಗಳಿಗಿಷ್ಟು ಅಂತ ತಾನೇ ಕೊಡುತ್ತಾನಂತೆ. ಒಂದು ಏಟೂ ಬಿದ್ದಿಲ್ಲ, ಆದರೆ ದುಡಿಯುವ ದಾರಿ, ಓಡುವ ದಾರಿ, ಗುಟ್ಟಾಗಿ ಬರೆದುಕೊಳ್ಳುವ ಜಾಗ ಮೂರೂ ಒಂದೇ ರಾತ್ರಿಯಲ್ಲಿ ಮುಚ್ಚಿದವು.

ಹಿಂದಿನ ಅಧ್ಯಾಯವನ್ನೂ ಜೊತೆಗಿಟ್ಟು ಓದಿ. ಸ್ನೇಹಿತನ ಸೋಗಿನ ಹಾರ್‌ಗ್ರೇವ್ ಮೈಮೇಲೆ ಏರಿ ಬಂದಾಗ ಹೆಲೆನ್ ತನ್ನನ್ನು ಕಾಪಾಡಿಕೊಂಡದ್ದು ಅದೇ ಬಣ್ಣದ ಚೂರಿ ಹಿಡಿದು. ಕಾದಂಬರಿಯ ಕಟ್ಟಡ ಎಷ್ಟು ಬಿಗಿಯಾಗಿದೆ ಅನ್ನುವುದು ಇಂಥ ಕಡೆ ಕಾಣುತ್ತದೆ. ‘ಕುಡಿದಾಗ ಮಾತ್ರ ಹಾಗೆ, ಇಲ್ಲದಿದ್ದರೆ ದೇವರಂಥ ಮನುಷ್ಯ’ ಎಂಬ ಮಾತನ್ನು ಒಡೆಯಲೆಂದೇ ಆನ್ ಈ ದೃಶ್ಯ ಬರೆದರು ಎಂದು ನಾವು ನಂಬುತ್ತೇವೆ.

ನಮ್ಮ ಕಡೆ ರೇಷ್ಮೆ ಹುಳು ಮೇಯಿಸೋದು ಹೆಂಗಸರು, ಗೂಡಿನ ದುಡ್ಡು ಹೋಗೋದು ಗಂಡಸರ ಖಾತೆಗೆ. ಹೆಲೆನ್ ಚಿತ್ರ ಮಾರಿದ ದುಡ್ಡು ಕಾನೂನಿನಲ್ಲಿ ಯಾರದು?
– ಗೃಹಿಣಿ, ಶಿಡ್ಲಘಟ್ಟ

ಗಂಡನದು. ಪೂರ್ತಿ ಗಂಡನದೇ. ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ‘ಕವರ್ಚರ್’ ಎಂಬ ತತ್ವವಿತ್ತು. ಮದುವೆಯಾದ ಹೆಣ್ಣಿಗೆ ಕಾನೂನಿನ ಕಣ್ಣಲ್ಲಿ ಪ್ರತ್ಯೇಕ ಅಸ್ತಿತ್ವವಿಲ್ಲ. ಅವಳ ನಗದು, ಒಡವೆ, ಸಂಪಾದನೆ ಗಂಡನ ಪಾಲು. ಜಮೀನಿದ್ದರೆ ಅದರ ಆದಾಯವೂ ಅವನ ಕೈಗೆ. ಅನುಕೂಲಸ್ಥರು ಮದುವೆಗೆ ಮೊದಲೇ ಪತ್ರ ಮಾಡಿಸಿ ಮಗಳ ಪಾಲಿನ ಹಣವನ್ನು ಟ್ರಸ್ಟಿಗಳ ವಶಕ್ಕೆ ಕೊಡುತ್ತಿದ್ದರು. ಉಳಿದವರಿಗೆ ಆ ದಾರಿ ಇರಲಿಲ್ಲ. ದುಡಿದ ಹಣ ಹೆಂಡತಿಯದೇ ಎಂದು ಕಾಯ್ದೆ ಬಂದದ್ದು 1870ರಲ್ಲಿ, ಆಸ್ತಿಯ ಪೂರ್ತಿ ಹಕ್ಕು 1882ರಲ್ಲಿ.

ಆದ್ದರಿಂದಲೇ ಹೆಲೆನ್ ಚಿತ್ರದ ಮೇಲೆ ಸುಳ್ಳು ಅಕ್ಷರಗಳ ಸಹಿ ಹಾಕುತ್ತಾಳೆ. ವೈಲ್ಡ್‌ಫೆಲ್ ಮನೆಯ ಚಿತ್ರಕ್ಕೆ ‘ಫರ್ನ್‌ಲಿ ಮ್ಯಾನರ್, ಕಂಬರ್‌ಲ್ಯಾಂಡ್’ ಎಂದು ಬೇರೆ ಊರಿನ ಹೆಸರು ಬರೆಯುತ್ತಾಳೆ. ಐದನೇ ಅಧ್ಯಾಯದಲ್ಲಿ ಇದು ಸುಮ್ಮನೆ ಕುತೂಹಲಕ್ಕೆ ಇಟ್ಟ ಗುಟ್ಟಿನಂತೆ ಕಾಣುತ್ತದೆ. ಆದರೆ ಗಂಡನಿಗೆ ಸುಳಿವು ಸಿಕ್ಕರೆ ಹಣವೂ ಹೋಯಿತು, ಮಗುವೂ ಹೋಯಿತು. ನಿಮ್ಮ ಗೂಡಿನ ದುಡ್ಡಿನ ವಿಷಯ ಬೇರೆ: ಅಲ್ಲಿ ಅಡ್ಡ ನಿಂತಿರುವುದು ಕಾನೂನಲ್ಲ, ಮನೆಯ ರೂಢಿ. ಖಾತೆಯನ್ನು ನಿಮ್ಮ ಹೆಸರಿನಲ್ಲಿ ತೆರೆಯಲು ಯಾರ ಒಪ್ಪಿಗೆಯೂ ಬೇಕಿಲ್ಲ.

ಅಷ್ಟು ಗಟ್ಟಿಗಿತ್ತಿ ಹೆಲೆನ್ ವಿಚ್ಛೇದನ ಯಾಕೆ ಕೇಳಲಿಲ್ಲ? ಹೆತ್ತ ಮಗುವನ್ನೇ ಕದ್ದು ಒಯ್ಯುವ ಗತಿ ಯಾಕೆ?
– ಓದುಗರ ಬಳಗ, ಚಿಂತಾಮಣಿ

ಇಲ್ಲಿ ಬಹಳ ಜನ ಎಡವುವುದು ಇಸವಿಯಲ್ಲಿ. ಪುಸ್ತಕ ಬಂದದ್ದು 1848, ಕಥೆ ನಡೆಯುವುದು 1820ರ ದಶಕದಲ್ಲಿ. ಏಳು ವರ್ಷದೊಳಗಿನ ಮಗುವಿಗಾಗಿ ತಾಯಿ ಕೋರ್ಟಿಗೆ ಅರ್ಜಿ ಹಾಕಬಹುದು ಎಂಬ ಕಾಯ್ದೆ ಆದದ್ದು 1839ರಲ್ಲಿ, ತನ್ನ ಮಕ್ಕಳನ್ನು ಗಂಡನಿಗೆ ಕಳೆದುಕೊಂಡ ಲೇಖಕಿ ಕ್ಯಾರೊಲಿನ್ ನಾರ್ಟನ್ ಹೋರಾಡಿದ ಮೇಲೆ. ಹೆಲೆನ್ ಓಡುವಾಗ ಮಗು ಸಂಪೂರ್ಣವಾಗಿ ತಂದೆಯ ಸ್ವತ್ತು. 1857ಕ್ಕೆ ಮೊದಲು ಪೂರ್ತಿ ವಿಚ್ಛೇದನಕ್ಕೆ ಪಾರ್ಲಿಮೆಂಟಿನಲ್ಲಿ ಪ್ರತ್ಯೇಕ ಮಸೂದೆಯೇ ಆಗಬೇಕಿತ್ತು. 1857ರ ಕಾಯ್ದೆಯೂ ಸಮನಾಗಿರಲಿಲ್ಲ: ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದೇ ಸಾಕು, ಹೆಂಡತಿಯಾದರೆ ಅದರ ಜೊತೆಗೆ ಕ್ರೌರ್ಯವನ್ನೋ, ಎರಡು ವರ್ಷ ತೊರೆದು ಹೋದದ್ದನ್ನೋ ಇನ್ನೊಂದು ಅಪರಾಧವಾಗಿ ತೋರಿಸಬೇಕು.

ಬಳಗದಲ್ಲಿ ಚರ್ಚೆಗೆ ಮೂವತ್ಮೂರನೇ ಅಧ್ಯಾಯವನ್ನು ಗಟ್ಟಿಯಾಗಿ ಓದಿಸಿ. ಗಂಡನ ಸಂಬಂಧ ಕಣ್ಣಾರೆ ಕಂಡ ರಾತ್ರಿ ಹೆಲೆನ್ ಕೇಳುತ್ತಾಳೆ: ಮಗುವನ್ನೂ ನನ್ನ ಉಳಿದ ಹಣವನ್ನೂ ತೆಗೆದುಕೊಂಡು ಹೋಗಲೇ? ಇಲ್ಲ. ಹಣ ಬೇಡ, ಮಗು ಕೊಡು. ಇಲ್ಲ. ಮಗುವಿಲ್ಲದೆ ಅವಳೊಬ್ಬಳೇ ಹೋಗುವುದಕ್ಕೂ ಅವನ ಉತ್ತರ ಇಲ್ಲ, ಊರವರ ಬಾಯಿಗೆ ಬೀಳಲು ಅವನು ತಯಾರಿಲ್ಲ. ಅತ್ತ ಅದೇ ಸಂಬಂಧದಲ್ಲಿ ಮೋಸಹೋದ ಇನ್ನೊಬ್ಬ ವ್ಯಕ್ತಿ, ಆ ಹೆಂಗಸಿನ ಗಂಡ ಲಾರ್ಡ್ ಲೋಬರೋ, ಮುಂದೆ ಹೆಂಡತಿಯಿಂದ ಬಿಡುಗಡೆ ಪಡೆದು ಮರುಮದುವೆಯಾಗುತ್ತಾನೆ. ಹೆಲೆನ್‌ಗೆ ಬಿಡುಗಡೆ ಸಿಗುವುದು ಗಂಡ ಸತ್ತ ಮೇಲೆ. ಈ ಇಬ್ಬರನ್ನು ಅಕ್ಕಪಕ್ಕ ಇಟ್ಟರೆ ಚರ್ಚೆ ತಾನಾಗಿ ಕಾವೇರುತ್ತದೆ.

ನಲವತ್ತೇಳನೇ ಅಧ್ಯಾಯವನ್ನೂ ಬಿಡಬೇಡಿ. ಕಾಯಿಲೆ ಬಿದ್ದ ಗಂಡನನ್ನು ನೋಡಿಕೊಳ್ಳಲು ಬಂದ ಹೆಲೆನ್, ಮಗು ತನ್ನ ವಶದಲ್ಲೇ ಇರತಕ್ಕದ್ದು ಎಂಬ ಪತ್ರಕ್ಕೆ ಸಹಿ ಹಾಕಿಸಿಕೊಂಡ ಮೇಲೇ ಮಗನನ್ನು ತೋರಿಸುವುದು. ಸಾಕ್ಷಿ ಮನೆಗೆಲಸದ ರೇಚಲ್. ಆ ಪತ್ರಕ್ಕೆ ಕೋರ್ಟಿನಲ್ಲಿ ಬೆಲೆ ಇರಲಿಲ್ಲ. ಆದರೂ ಬರೆಸಿಕೊಂಡಳು.

ಬೀಗದ ಕೈ ಕಿತ್ತುಕೊಳ್ಳುವುದು, ದುಡಿಮೆಯ ಸಾಮಾನು ಸುಡುವುದು ಇವತ್ತು ನಮ್ಮ ಜಿಲ್ಲೆಯಲ್ಲಾದರೆ?
– ಶಿಕ್ಷಕಿ, ಬಂಗಾರಪೇಟೆ

2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆಯಲ್ಲಿ ಆರ್ಥಿಕ ಹಿಂಸೆಯೂ ಸೇರಿದೆ, ಏಟಿನ ಗಾಯ ತೋರಿಸಲೇಬೇಕೆಂದಿಲ್ಲ. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ದೂರು ಕೊಡಬಹುದು. ಕಲಂ 12ರಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ, ಕಲಂ 21ರಡಿ ಮಕ್ಕಳ ತಾತ್ಕಾಲಿಕ ಸುಪರ್ದಿಗೂ ಅವಕಾಶವಿದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 181. ಒಡವೆ, ಹೊಲಿಗೆ ಯಂತ್ರದಂಥವುಗಳ ಬಿಲ್ಲು, ಫೋಟೊ ಇದ್ದರೆ ಅದರ ಪ್ರತಿಯನ್ನು ಮನೆಯ ಹೊರಗೆ, ನಂಬಿಕಸ್ಥರ ಬಳಿ ಇಡಿ.

ಗಿಲ್ಬರ್ಟ್ ಒಳ್ಳೆಯ ಗಂಡಸಿನ ಮಾದರಿ ತಾನೇ?
– ನಿವೃತ್ತ ಮುಖ್ಯೋಪಾಧ್ಯಾಯರು, ಮಾಲೂರು

ಮೇಷ್ಟ್ರೇ, ಹದಿನಾಲ್ಕನೇ ಅಧ್ಯಾಯವನ್ನು ಇನ್ನೊಮ್ಮೆ ನೋಡಿ. ಹೆಲೆನ್‌ಳ ಗೆಳೆಯನಿರಬೇಕೆಂದು ಅನುಮಾನಪಟ್ಟು ಲಾರೆನ್ಸ್‌ನನ್ನು ಚಾಟಿಯ ಹಿಡಿಯಿಂದ ಹೊಡೆದು ಕುದುರೆಯಿಂದ ಕೆಡವುತ್ತಾನೆ. ಲಾರೆನ್ಸ್ ಅವಳ ಒಡಹುಟ್ಟಿದವನು. ಇನ್ನೊಂದು ವಿಷಯವೂ ಇದೆ: ಹೆಲೆನ್ ನಂಬಿ ಕೊಟ್ಟ ದಿನಚರಿಯನ್ನು ಗಿಲ್ಬರ್ಟ್ ತನ್ನ ಭಾವ ಹಾಲ್‌ಫರ್ಡ್‌ಗೆ ಬರೆದ ಕಾಗದದಲ್ಲಿ ಇಡಿಯಾಗಿ ಒಪ್ಪಿಸುತ್ತಾನೆ. ಮುಂದೆ ಹೆಲೆನ್ ಗಿಲ್ಬರ್ಟ್‌ನನ್ನೇ ಮದುವೆಯಾದ್ದರಿಂದ, ಇದು ಹೆಂಡತಿಯ ಗುಟ್ಟು ಗಂಡನಿಂದ ಭಾವನಿಗೆ. ಹಂಟಿಂಗ್ಡನ್‌ಗಿಂತ ಅವನು ಎಷ್ಟೋ ಮೇಲು, ನಿಜ. ಮಾದರಿ ಅನ್ನಲು ನಮಗೆ ಮನಸ್ಸು ಬರುವುದಿಲ್ಲ.

ಯಾವ ಪ್ರತಿ ಕೊಳ್ಳಲಿ?
– ಉಪನ್ಯಾಸಕರು, ತುಮಕೂರು

ಮೊದಲ ಪುಟ ತೆರೆದು ನೋಡಿ. ಹಾಲ್‌ಫರ್ಡ್‌ಗೆ ಬರೆದ ಕಾಗದದಿಂದ ಶುರುವಾದರೆ ಪೂರ್ಣ ಪಠ್ಯ. ನೇರವಾಗಿ 1827ರ ಶರತ್ಕಾಲದ ಮಾತಿನಿಂದ ಶುರುವಾದರೆ ಅದು 1854ರ ಅಗ್ಗದ ಮುದ್ರಣದಲ್ಲಿ ಕತ್ತರಿ ಬಿದ್ದ ಪಠ್ಯದ ಸಂತಾನ, ಒಳಗೂ ಅನೇಕ ಭಾಗ ಕಾಣೆ. ಆನ್ 1849ರಲ್ಲಿ ತೀರಿಕೊಂಡ ಮೇಲೆ ಅಕ್ಕ ಶಾರ್ಲೆಟ್, ಈ ವಸ್ತುವಿನ ಆಯ್ಕೆಯೇ ತಪ್ಪು ಎಂದು ಬರೆದು ಮರುಮುದ್ರಣಕ್ಕೆ ಮನಸ್ಸು ಮಾಡಲಿಲ್ಲ. ಹಾಗಾಗಿ ಅರೆಬರೆ ಪ್ರತಿಗಳೇ ಬಹುಕಾಲ ಓಡಾಡಿದವು. ಆಕ್ಸ್‌ಫರ್ಡ್ ವರ್ಲ್ಡ್ಸ್ ಕ್ಲಾಸಿಕ್ಸ್, ಪೆಂಗ್ವಿನ್ ಕ್ಲಾಸಿಕ್ಸ್ ಪ್ರತಿಗಳು ಪೂರ್ಣವಾಗಿವೆ. ಎರಡನೇ ಮುದ್ರಣಕ್ಕೆ ಆನ್ ಬರೆದ ಮುನ್ನುಡಿಯೂ ಇರುವುದನ್ನೇ ಆರಿಸಿ, ಪಾಠ ಶುರುಮಾಡಲು ಅದು ಒಳ್ಳೆಯ ಜಾಗ.