ಬಿಯರ್ ಗಾರ್ಡನ್ನಿಗೆ ಮಂಡಕ್ಕಿ ಕಟ್ಟಿಕೊಂಡು ಹೋಗು

ತಂಗೀ, ದಾವಣಗೆರೆಯಿಂದ ಮ್ಯೂನಿಕ್‌ಗೆ ಬಂದು ಸೂಟ್‌ಕೇಸ್ ಇನ್ನೂ ಪೂರ್ತಿ ಬಿಚ್ಚಿಲ್ಲ, ಅಷ್ಟರಲ್ಲೇ ಲ್ಯಾಬಿನವರು ಶುಕ್ರವಾರ ಸಂಜೆ ಹಿರ್ಷ್‌ಗಾರ್ಟನ್ ಅನ್ನುವ ಬಿಯರ್ ಗಾರ್ಡನ್ನಿಗೆ ಕರೆದಿದ್ದಾರೆ ಅಂತ ಬರೆದಿದ್ದೀಯ. ನಾನು ಕುಡಿಯೋಲ್ಲ, ಮಾಂಸ ತಿನ್ನೋಲ್ಲ, ಭಾಷೆ ಬರೋಲ್ಲ, ಹೋಗಲಾ ಬೇಡವಾ? ದುಡ್ಡು ಯಾರು ಕೊಡ್ತಾರೆ? ರಾತ್ರಿ ಒಬ್ಬಳೇ ವಾಪಸ್ ಬರಬಹುದಾ? ಎಲ್ಲವನ್ನೂ ಒಂದೇ ಉಸಿರಿಗೆ ಕೇಳಿ, ಕೊನೆಗೆ ಮೆಲ್ಲಗೆ ‘ಮನೆಯಲ್ಲಿ ಏನಂತ ಹೇಳಲಿ ಅಕ್ಕಾ’ ಅಂತ ಸೇರಿಸಿದ್ದೀಯ. ನನಗೆ ಆ ಕೊನೆಯದೇ ದೊಡ್ಡದಾಗಿ ಕಂಡಿತು. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು, ಹೋಗು. ನಮ್ಮ ಕಡೆ ಕರೆದ ತಕ್ಷಣ ‘ಅಯ್ಯೋ ಬೇಡ ಬಿಡಿ’ ಅನ್ನುತ್ತೇವೆ, ಅವರು ಮತ್ತೆ ಕರೆಯುತ್ತಾರೆ, ಮೂರನೇ ಸಲಕ್ಕೆ ಹೊರಡುತ್ತೇವೆ. ಇಲ್ಲಿ ಎರಡನೇ ಸಲ ಕರೆದರೆ ನಿನಗೆ ಕಿರಿಕಿರಿ ಮಾಡಿದ ಹಾಗೆ ಅಂತ ಅವರ ಲೆಕ್ಕ. ಒಂದು ಸಲ ಬೇಡ ಅಂದೆಯೋ, ಅಲ್ಲಿಗೆ ಮುಗಿಯಿತು.

ಕುಡಿಯುವ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡ. ಆಪಲ್ ಜ್ಯೂಸಿಗೆ ಸೋಡಾ ಬೆರೆಸಿದ ಶೋರ್ಲೆ ಸಿಗುತ್ತದೆ, ಅದನ್ನು ತಗೋ. ಯಾಕೆ ಕುಡಿಯಲ್ಲ ಅಂತ ಯಾರೂ ಕೇಳುವುದಿಲ್ಲ. ರಾಡ್ಲರ್ ಅಂತ ಕೊಟ್ಟರೆ ಮಾತ್ರ ಎಚ್ಚರ, ಅದು ಲೆಮನೇಡ್ ಬೆರೆಸಿದ ಬಿಯರ್. ಲೋಟ ತಾಕಿಸುವಾಗ ಪ್ರತಿಯೊಬ್ಬರ ಕಣ್ಣು ನೋಡು. ದೊಡ್ಡವರ ಮುಂದೆ ಕಣ್ಣು ತಗ್ಗಿಸಿ ಬೆಳೆದ ನಮಗೆ ಇದು ಬಿಯರಿಗಿಂತ ಕಷ್ಟ.

ಊಟದ ಚಿಂತೆಯಂತೂ ನಿನಗೆ ಬೇಡವೇ ಬೇಡ. ಯಾಕೆ ಅಂದರೆ ಬಿಯರ್ ಗಾರ್ಡನ್ನಿಗೆ ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗಬಹುದು. ಹಿಂದೆ ಇಲ್ಲಿ ಬಿಯರ್ ತಯಾರಿಸುವವರು ಬೇಸಿಗೆಯಲ್ಲಿ ಅದು ಕೆಡದಿರಲಿ ಅಂತ ನೆಲಮಾಳಿಗೆಗಳಲ್ಲಿ ಇಡುತ್ತಿದ್ದರು, ಮೇಲೆ ನೆರಳಿಗೆ ಚೆಸ್ಟ್‌ನಟ್ ಮರ ನೆಡುತ್ತಿದ್ದರು. ಜನ ಆ ಮರದಡಿಯಲ್ಲೇ ಕೂತು ಕುಡಿಯತೊಡಗಿದಾಗ ಊರಿನ ಹೋಟೆಲಿನವರು ವ್ಯಾಪಾರ ಹೋಯಿತು ಅಂತ ದೂರಿದರು. 1812ರಲ್ಲಿ, ಮ್ಯೂನಿಕ್ ಇರುವ ಬವೇರಿಯಾ ಪ್ರಾಂತ್ಯದ ಆಗಿನ ರಾಜ ಮೊದಲನೇ ಮ್ಯಾಕ್ಸಿಮಿಲಿಯನ್ ಜೋಸೆಫ್ ಇಬ್ಬರಿಗೂ ನ್ಯಾಯ ಹೇಳಿದ: ಅಲ್ಲಿ ಬಿಯರ್, ಬ್ರೆಡ್ ಮಾರಬಹುದು, ಅಡುಗೆ ಮಾಡಿ ಮಾರುವ ಹಾಗಿಲ್ಲ. ಹಸಿದವರು ಗಂಟು ಕಟ್ಟಿಕೊಂಡು ಬಂದರು. ಈಗ ಅಲ್ಲಿ ಅಡುಗೆಯೂ ಸಿಗುತ್ತದೆ, ಆದರೆ ಬುತ್ತಿಯ ಹಕ್ಕು ಹೋಗಿಲ್ಲ. 1999ರ ಸರ್ಕಾರಿ ನಿಯಮವೂ ಅದನ್ನು ಒಪ್ಪಿದೆ. ಬಟ್ಟೆ ಹಾಸಿದ ಮೇಜಿಗೆ ಮಾತ್ರ ಹೋಗಬೇಡ, ಅಲ್ಲಿ ಅವರು ಬಡಿಸಿದ್ದನ್ನೇ ತಿನ್ನಬೇಕು. ಬರಿಯ ಮರದ ಬೆಂಚು ನಮ್ಮದು.

ಆದ್ದರಿಂದ ದಾವಣಗೆರೆಯವಳು ಮಂಡಕ್ಕಿ ಕಟ್ಟಿಕೊಂಡು ಹೋಗು. ಒಗ್ಗರಣೆ ಬೇರೆ ಡಬ್ಬಿಯಲ್ಲಿರಲಿ, ಈರುಳ್ಳಿ ಬೇರೆ. ಅಲ್ಲೇ ಕಲಸು, ಇಲ್ಲದಿದ್ದರೆ ಮೆತ್ತಗಾಗುತ್ತದೆ. ಹಸಿಮೆಣಸಿನಕಾಯಿ ಕಡಿಮೆ ಮಾಡು. ಅವರು ಕೊಡುವುದರಲ್ಲಿ ಒಬಾಟ್ಸ್‌ಡಾ ಅನ್ನುವ ಚೀಸ್ ಇದೆ, ಅದಕ್ಕೆ ಅನೇಕರು ಸ್ವಲ್ಪ ಬಿಯರ್ ಬೆರೆಸುತ್ತಾರೆ. ಬ್ರೆಟ್ಸೆಲ್ ಅನ್ನುವ ಗಂಟಿನಾಕಾರದ ಬ್ರೆಡ್ಡಿನ ಹಿಟ್ಟಿಗೂ ಕೆಲವು ಕಡೆ ಹಂದಿಕೊಬ್ಬು ಹಾಕುವುದುಂಟು. ಕೇಳಿ ತಿನ್ನು. ಮತ್ತೆ ನಿನ್ನ ಡಬ್ಬಿಯನ್ನು ಎಲ್ಲರ ಮುಂದಕ್ಕೂ ತಳ್ಳು, ಆದರೆ ಯಾರೂ ನಿನ್ನ ಮುಂದೆ ತಳ್ಳದಿದ್ದರೆ ಬೇಜಾರಾಗಬೇಡ.

ದುಡ್ಡು: ಅವರವರದು ಅವರವರಿಗೆ. ಯಾರದ್ದಾದರೂ ಹುಟ್ಟುಹಬ್ಬವಾದರೆ ಹುಟ್ಟಿದವರೇ ಕೊಡಿಸುತ್ತಾರೆ. ಮುಂಚಿನ ದಿನವೇ ಶುಭಾಶಯ ಹೇಳಿಬಿಡಬೇಡ, ಅಪಶಕುನ ಅನ್ನುತ್ತಾರೆ. ಲೋಟಕ್ಕೆ ಠೇವಣಿ ಕೇಳಿದರೆ ಗಾಬರಿಯಾಗಬೇಡ, ಹಿಂತಿರುಗಿಸಿದಾಗ ಕೊಡುತ್ತಾರೆ.

ಈಗ ಮನೆಯ ಮಾತು.

ನಾನು ತೀರ್ಥಹಳ್ಳಿಯವಳು. ಬಂದಿಳಿದಿದ್ದು ನವೆಂಬರಿನಲ್ಲಿ, ಸಂಜೆ ನಾಲ್ಕೂವರೆಗೇ ಕತ್ತಲು. ಬೇಸಿಗೆ ಬರುವವರೆಗೆ ಆಫೀಸಿನ ಆಚೆ ಯಾರ ಜೊತೆಗೂ ನಾಲ್ಕು ಮಾತಾಡಿದ ನೆನಪಿಲ್ಲ. ಆಮೇಲೆ ಸಹೋದ್ಯೋಗಿಯೊಬ್ಬ ಇದೇ ಹಿರ್ಷ್‌ಗಾರ್ಟನ್‌ಗೆ ಕರೆದ. ಎಂಟು ಸಾವಿರ ಜನ ಕೂರುವ ಜಾಗ ಅದು. ಲೋಟವನ್ನು ನಾವೇ ತೆಗೆದು, ನಾವೇ ತೊಳೆದು ಸಾಲಿನಲ್ಲಿ ನಿಲ್ಲಬೇಕು. ಮೇಜಿನಲ್ಲಿ ಅವನ ಹೆಂಡತಿ, ಅವಳ ಮಾವ, ಆತ ನಿವೃತ್ತ ಟ್ರಾಮ್ ಚಾಲಕ. ಇಸ್ಪೀಟು ಕಲಸುತ್ತಾ ಕೂತಿದ್ದ. ಶಾಫ್‌ಕೋಫ್ ಅಂತ ಇಲ್ಲಿಯ ಆಟ: ನಾಲ್ಕು ಜನ, ಮೂವತ್ತೆರಡು ಎಲೆ, ತುರುಪು. ನಮ್ಮ ಇಪ್ಪತ್ತೆಂಟರ ಆಟ ಬಲ್ಲವಳಿಗೆ ಕೈ ಕೂಡಲು ತುಂಬ ಹೊತ್ತು ಬೇಕಾಗಲಿಲ್ಲ. ಮಾತು ಅರ್ಥವಾಗದಿದ್ದರೂ ಎಲೆ ಅರ್ಥವಾಗುತ್ತಿತ್ತು. ಗುರುವಾರ ಗುರುವಾರ ಅದೇ ಮೇಜು. ಮುಂದೆ ಜ್ವರ ಬಂದು ಮಲಗಿದಾಗ ಬಾಗಿಲಿಗೆ ಸೂಪು ತಂದಿಟ್ಟು ಬೆಲ್ ಒತ್ತಿ ಹೋದವರು, ಮನೆ ಬದಲಾಯಿಸುವಾಗ ಬೀರು ಹೊತ್ತವರು ಆ ಮೇಜಿನವರೇ.

ಅಪ್ಪ ಒಂದು ಬೇಸಿಗೆ ಬಂದಿದ್ದರು. ಹೈಸ್ಕೂಲ್ ಮೇಷ್ಟ್ರು, ಹೆಂಡದಂಗಡಿ ಇರುವ ಬೀದಿ ತಪ್ಪಿಸಿ ಸುತ್ತಿಕೊಂಡು ಹೋಗುವವರು. ಸಂಜೆ ಅವರನ್ನು ಹಿರ್ಷ್‌ಗಾರ್ಟನ್ ಕಡೆಗೇ ವಾಕಿಂಗ್ ಕರೆದೊಯ್ಯುತ್ತಿದ್ದೆ, ಅಲ್ಲಿ ಬೇಲಿಯೊಳಗೆ ಜಿಂಕೆಗಳಿವೆ. ಒಂದು ದಿನ ಮರಗಳ ಆಚೆಯ ಜನರನ್ನು ನೋಡಿ, ‘ಅಲ್ಲೇನೇ? ಮಕ್ಕಳುಮರಿ, ಅಜ್ಜ-ಅಜ್ಜಿ ಎಲ್ಲ ಸೇರಿದ್ದಾರೆ, ಎಳ್ಳಮಾವಾಸ್ಯೆ ಜಾತ್ರೆ ಇದ್ದ ಹಾಗಿದೆಯಲ್ಲ’ ಅಂದರು. ‘ಯಾವುದೋ ಕಂಪನಿಯ ಪಾರ್ಟಿ ಇರಬೇಕಪ್ಪ’ ಅಂದೆ. ನಮ್ಮ ಮೇಜಿನವರು ಅಲ್ಲೇ ಇದ್ದರು. ಟ್ರಾಮ್ ಮಾವ ದೂರದಿಂದ ಕೈ ಎತ್ತಿದ. ನಾನು ಅಪ್ಪನನ್ನು ನಿಂಫೆನ್‌ಬುರ್ಗ್ ಅರಮನೆಯ ದಾರಿಗೆ ತಿರುಗಿಸಿದೆ. ‘ನಿನ್ನ ತಂದೆಯನ್ನು ಕರೆದುಕೊಂಡು ಬಾ’ ಅಂತ ಅವರು ಕೇಳಿಯೂ ಇದ್ದರು; ಅಪ್ಪನಿಗೆ ಭಾಷೆ ಬರಲ್ಲ ಅಂತ ಹೇಳಿದ್ದೆ. ಜಗಲಿಯಲ್ಲಿ ಇಪ್ಪತ್ತೆಂಟು ಆಡುವಾಗ ಎದುರಿನವರ ಕೈಯನ್ನು ಮುಖದಲ್ಲೇ ಓದುತ್ತಿದ್ದ ಮನುಷ್ಯನಿಗೆ!

ಅಪ್ಪ ತೀರಿಕೊಂಡ ಮೇಲೆ ಅಮ್ಮ ಹೇಳಿದಳು. ಇಲ್ಲಿಂದ ವಾಪಸ್ ಹೋದ ಅಪ್ಪ, ‘ಚೆನ್ನಾಗಿಯೇ ಇದ್ದಾಳೆ. ಆದರೆ ಅವಳ ಮನೆಗೆ ಬರುವವರು ಹೋಗುವವರು ಒಬ್ಬರೂ ಇಲ್ಲ ಕಣೇ’ ಅಂದಿದ್ದರಂತೆ. ಪ್ರತಿ ಭಾನುವಾರ ಫೋನಿನಲ್ಲಿ ‘ಯಾರಾದರೂ ಪರಿಚಯ ಆದರಾ’ ಅಂತ ಕೇಳುತ್ತಿದ್ದರು. ನಾನು ಮದುವೆಯ ಮಾತು ತೆಗೆಯುತ್ತಿದ್ದಾರೆ ಅಂದುಕೊಂಡು ಸಿಡುಕುತ್ತಿದ್ದೆ.

ನಿಮ್ಮ ಮನೆ ನಿನಗೇ ಗೊತ್ತು, ನಾನು ಹೇಳಿದ ಹಾಗೇ ಮಾಡು ಅನ್ನಲಾರೆ. ಆದರೂ ಮನೆಗೆ ಒಂದು ಫೋಟೋ ಕಳಿಸು. ಜೊತೆಯವರನ್ನು ಕೇಳಿ ತೆಗೆ, ಹೇಳದೆ ತೆಗೆದರೆ ಇಲ್ಲಿಯವರಿಗೆ ಹಿಡಿಸುವುದಿಲ್ಲ. ಶೋರ್ಲೆಗೂ ಬಿಯರಿಗೂ ಬಣ್ಣ ಒಂದೇ, ಹಾಗಾಗಿ ನಿನ್ನ ಲೋಟಕ್ಕೆ ಬಾಣದ ಗುರುತು ಹಾಕು. ಯಾರು ಯಾವ ಊರಿನವರು, ಯಾರಿಗೆ ಮಂಡಕ್ಕಿ ಖಾರ ಆಯಿತು, ಎಲ್ಲ ಬರೆ.

ವಾಪಸ್ ಬರುವ ವಿಷಯ ಸುಲಭ. ರಾತ್ರಿ ಹತ್ತೂವರೆಗೆ ಕೊಡುವುದು ನಿಲ್ಲಿಸುತ್ತಾರೆ, ಹನ್ನೊಂದಕ್ಕೆ ಎಬ್ಬಿಸುತ್ತಾರೆ, ಆ ಹೊತ್ತಿಗೆ ರೈಲು ಧಾರಾಳ. ಅಂದ ಹಾಗೆ ಆ ಹನ್ನೊಂದು ಗಂಟೆಗೂ ಹೋರಾಟ ನಡೆದಿದೆ. ಒಂದು ಗಾರ್ಡನ್ನನ್ನು ಒಂಬತ್ತೂವರೆಗೇ ಮುಚ್ಚಬೇಕು ಅಂತ ಕೋರ್ಟು ಹೇಳಿದ್ದಕ್ಕೆ 1995ರ ಮೇ 12ರಂದು ಮರಿಯೆನ್‌ಪ್ಲಾಟ್ಸ್ ಚೌಕದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಶಿಸ್ತಿನ ಜನ ಅಂತ ನಾವು ಹೊಗಳುವವರು ಬೀದಿಗಿಳಿದದ್ದು ಇದಕ್ಕೆ. ಈ ಊರಿನ ಬಗ್ಗೆ ನನಗೆ ಹೆಮ್ಮೆ ಇರುವುದೂ ಇಂಥದ್ದಕ್ಕೇ.

ಅಲ್ಲಿಂದ ಇಸಾರ್ ನದಿ ದಂಡೆಗೆ ಹೋಗೋಣ ಅಂತ ಯಾರಾದರೂ ಹೊರಟರೆ, ಜೊತೆಯಲ್ಲೊಬ್ಬ ಹುಡುಗಿ ಇದ್ದರೆ ಹೋಗು. ಅಲ್ಲಿ ಖಾಲಿ ಬಾಟಲಿಯನ್ನು ಕಸದ ತೊಟ್ಟಿಗೆ ಹಾಕದೆ ಪಕ್ಕದಲ್ಲಿ ನಿಲ್ಲಿಸು. ಬಿಯರ್ ಬಾಟಲಿಗೆ ಎಂಟು ಸೆಂಟ್ ಸಿಗುತ್ತದೆ, ಅದನ್ನು ಆಯ್ದುಕೊಂಡೇ ಖರ್ಚು ತೂಗಿಸುವ ಮುದುಕರಿದ್ದಾರೆ. ಜುಲೈ ಆದರೂ ಕತ್ತಲಾದ ಮೇಲೆ ಚಳಿ, ಸ್ವೆಟರ್ ಮರೆಯಬೇಡ.

ಮಳೆ ಬಂದರೆ ಎಲ್ಲಿ ಸೇರುತ್ತಾರೆ ಅಂತ ಗುರುವಾರವೇ ಕೇಳಿಟ್ಟುಕೋ. ಒಳಗಿನ ಹೋಟೆಲಿನಲ್ಲಿ ಕೂತರೆ ಡಬ್ಬಿ ಬಿಚ್ಚುವ ಹಾಗಿಲ್ಲ, ಅದಕ್ಕೇ ಏನಾದರೂ ಒಂದಿಷ್ಟು ತಿಂದುಕೊಂಡೇ ಹೊರಡು.