ಎಚ್‌ಟಿಟಿಪಿಎಸ್‌ನಲ್ಲಿ ವೈರಸ್ ಯಾಕೆ ಸಿಗ್ತಿಲ್ಲ?
ಆಫೀಸಿನ ಇಂಟರ್ನೆಟ್ಟಿಗೆ ಸ್ಕ್ವಿಡ್ (ಎಲ್ಲರ ಬ್ರೌಸಿಂಗ್ ತನ್ನ ಮೂಲಕ ಸಾಗಿಸುವ ಪ್ರಾಕ್ಸಿ), ಕ್ಲಾಮ್‌ಎವಿ (ಆಂಟಿವೈರಸ್), ಇವೆರಡನ್ನೂ ಜೋಡಿಸುವ ಸಿ-ಐಕ್ಯಾಪ್ ಹಾಕಿದ್ದೀರಿ, ಐಕಾರ್ ಟೆಸ್ಟ್ ಫೈಲ್ (ಆಂಟಿವೈರಸ್ ಪರೀಕ್ಷಿಸೋಕೆ ಇರುವ, ಹಾನಿ ಮಾಡದ ಫೈಲ್) ಎಚ್‌ಟಿಟಿಪಿಯಲ್ಲಿ ಬ್ಲಾಕ್ ಆಗುತ್ತೆ, ಎನ್‌ಕ್ರಿಪ್ಟ್ ಆಗಿ ಸಾಗುವ ಎಚ್‌ಟಿಟಿಪಿಎಸ್‌ನಲ್ಲಿ ಸಲೀಸಾಗಿ ಇಳಿಯುತ್ತೆ ಅಂದಿರಲ್ವಾ? ನಿಮ್ಮ ಸೆಟಪ್ಪಿನಲ್ಲಿ ತಪ್ಪಿಲ್ಲ. ಎಚ್‌ಟಿಟಿಪಿಎಸ್‌ಗೆ ಬ್ರೌಸರ್ 'ಕನೆಕ್ಟ್' ಅಂತ ಕೇಳುತ್ತದೆ, ಸ್ಕ್ವಿಡ್ ಸುಮ್ನೆ ಒಂದು ಸುರಂಗ ತೆರೆದು ಕೊಡುತ್ತದೆ, ಆಮೇಲೆ ಅದಕ್ಕೆ ಕಾಣೋದು ಸೈಟಿನ ಹೆಸರು ಮಾತ್ರ, ಒಳಗಿನ ಫೈಲ್ ಅಲ್ಲ. ಲಕೋಟೆ ತೆರೆಯದೆ ಕಾಗದ ಓದೋಕೆ ಆಗುತ್ತಾ?

ತೆರೆಯಬೇಕಂದ್ರೆ 'ಎಸ್‌ಎಸ್‌ಎಲ್ ಬಂಪ್' ಬೇಕು, ಅಂದ್ರೆ ಸ್ಕ್ವಿಡ್ ಮಧ್ಯೆ ನಿಂತು ಎನ್‌ಕ್ರಿಪ್ಷನ್ ಬಿಚ್ಚಿ ನೋಡಿ, ಮತ್ತೆ ಮುಚ್ಚಿ ಕಳಿಸೋದು. ನೀವೇ ಒಂದು ಸಿಎ ಸರ್ಟಿಫಿಕೇಟ್ (ಬೇರೆ ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವ ಮೂಲ ಪ್ರಮಾಣಪತ್ರ) ಮಾಡಿ, ಆಫೀಸಿನ ಪ್ರತಿ ಕಂಪ್ಯೂಟರಿಗೂ ಹಾಕಬೇಕು, ಇಲ್ಲದಿದ್ದರೆ ಎಲ್ಲಾ ಕಡೆ ಎಚ್ಚರಿಕೆ ಪುಟ ಬರುತ್ತದೆ. ಬ್ಯಾಂಕ್ ಸೈಟುಗಳನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ, 'ಸ್ಪ್ಲೈಸ್' ಮಾಡಿ, ಅಂದ್ರೆ ತೆರೆಯದೆ ಹಾಗೇ ದಾಟೋಕೆ ಬಿಟ್ಟುಬಿಡಿ. ಸರ್ಟಿಫಿಕೇಟ್ ಪಿನ್ ಮಾಡಿರುವ (ತಮಗೆ ಗೊತ್ತಿರುವ ಸರ್ಟಿಫಿಕೇಟ್ ಬಿಟ್ಟು ಬೇರೆ ಒಪ್ಪದ) ಮೊಬೈಲ್ ಆ್ಯಪ್‌ಗಳಿಗೂ ಅದೇ ದಾರಿ, ಅವು ಬಂಪ್ ಆದರೆ ಕೆಲಸವೇ ಮಾಡಲ್ಲ. ಜೊತೆಯವರಿಗೆ ಮೊದಲೇ ಹೇಳಿ, ಕದ್ದು ನೋಡಿದ ಹಾಗೆ ಆಗಬಾರದು.

ಇನ್ನೊಂದು, ಪ್ರಾಕ್ಸಿ ಕಂಪ್ಯೂಟರಿಗೆ 1 ಜಿಬಿ ರ‍್ಯಾಮ್ ಅಂದಿರಿ. ಸಾಲಲ್ಲ. ಕ್ಲಾಮ್‌ಡಿ (ಹಿನ್ನೆಲೆಯಲ್ಲಿ ಓಡುವ ಕ್ಲಾಮ್‌ಎವಿ) ವೈರಸ್ ಗುರುತಿಸುವ ಸಹಿಗಳನ್ನೆಲ್ಲ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ, ಅಪ್‌ಡೇಟ್ ಬಂದಾಗ ಹಳೆಯದು ಹೊಸದು ಎರಡೂ ಸ್ವಲ್ಪ ಹೊತ್ತು ಒಟ್ಟಿಗಿರುತ್ತವೆ. 4 ಜಿಬಿ ಹಾಕಿ. ಅಷ್ಟಾದರೂ ಪ್ರತಿ ಕಂಪ್ಯೂಟರಿನ ಆಂಟಿವೈರಸ್ ತೆಗೀಬೇಡಿ, ಪೆನ್‌ಡ್ರೈವ್ ಪ್ರಾಕ್ಸಿ ದಾಟಿ ಬರಲ್ಲ.