ಓದುಗರ ಪ್ರಶ್ನೆ, ನಮ್ಮ ಉತ್ತರ: ಆ ಸಿನಿಮಾ ಬಂದ ವರ್ಷ ಯಾವುದು?

ಪ್ರಶ್ನೆ: ‘ನಾಗರಹಾವು’ 1972ರ ಚಿತ್ರವೆಂದು ಎಲ್ಲ ಪಟ್ಟಿಗಳಲ್ಲಿಯೂ ಇದೆ. ನಮ್ಮ ತಂದೆಯವರು ಮಾತ್ರ, ಚಿತ್ರ ಊರಿಗೆ ಬಂದ ಮೊದಲ ವಾರದಲ್ಲೇ, 1973ರ ಬೇಸಿಗೆಯಲ್ಲಿ ಅದನ್ನು ನೋಡಿದೆನೆಂದು ಖಚಿತವಾಗಿ ಹೇಳುತ್ತಾರೆ. ಯಾವುದು ಸರಿ? (ಓದುಗರೊಬ್ಬರು, ಗದಗ)

ಉತ್ತರ: ನಿಮ್ಮ ತಂದೆಯವರ ನೆನಪನ್ನು ದಯವಿಟ್ಟು ಅನುಮಾನಿಸಬೇಡಿ. ಪುಟ್ಟಣ್ಣ ಕಣಗಾಲರ ಈ ಚಿತ್ರ ತೆರೆಕಂಡದ್ದು 1972ರ ಡಿಸೆಂಬರ್ 29ರ ಶುಕ್ರವಾರ. ಆ ವರ್ಷ ಮುಗಿಯಲು ಅದಾದ ಮೇಲೆ ಎರಡೇ ದಿನ ಉಳಿದಿದ್ದವು. ಒಂದೇ ದಿನ ನಾಡಿನ ಎಲ್ಲ ಊರುಗಳಲ್ಲಿ ಚಿತ್ರ ಬಿಡುಗಡೆಯಾಗುವ ಪದ್ಧತಿ ಆಗ ಇರಲಿಲ್ಲ. ಫಿಲ್ಮಿನ ಪ್ರತಿ, ಅಂದರೆ ಪ್ರಿಂಟು, ತೆಗೆಸುವುದು ದುಬಾರಿಯ ಕೆಲಸವಾದ್ದರಿಂದ ಕೆಲವೇ ಪ್ರಿಂಟುಗಳು ದೊಡ್ಡ ಊರುಗಳಲ್ಲಿ ಓಡಿ, ತಗಡಿನ ಡಬ್ಬಿಗಳಲ್ಲಿ ರೈಲು, ಬಸ್ಸು ಹತ್ತಿ ಸಣ್ಣ ಊರುಗಳಿಗೆ ಬರುತ್ತಿದ್ದವು; ಟೂರಿಂಗ್ ಟಾಕೀಸಿನ ಪಾಳಿ ಎಲ್ಲಕ್ಕಿಂತ ಕೊನೆಗೆ. 1972ರ ಮಾರ್ಚ್ 31ರಂದು ತೆರೆಕಂಡ ‘ಬಂಗಾರದ ಮನುಷ್ಯ’ವನ್ನು ನಾನು ಹಾವೇರಿಯಲ್ಲಿ ನೋಡುವ ಹೊತ್ತಿಗೆ, ಪ್ರತಿ ರೀಲಿನ ಮೊದಲಿಗೂ ಕೊನೆಗೂ ಮಳೆ ಹನಿದಂತೆ ಉದ್ದುದ್ದ ಗೀರುಗಳು ಇಳಿಯುತ್ತಿದ್ದವು, ತುಂಡಾಗಿ ಅಂಟಿಸಿದ ಕಡೆ ಮಾತು ಅರ್ಧಕ್ಕೇ ಹಾರುತ್ತಿತ್ತು. ಆ ಪ್ರಿಂಟು ನಮಗಿಂತ ಮೊದಲು ಎಷ್ಟೋ ಊರುಗಳನ್ನು ಕಂಡುಬಂದಿತ್ತು. ಪಟ್ಟಿಯವರು ಮೊದಲ ಪ್ರದರ್ಶನದ ವರ್ಷವನ್ನು ಬರೆದಿದ್ದಾರೆ, ನಿಮ್ಮ ತಂದೆಯವರು ತಮ್ಮ ಊರಿನ ವರ್ಷವನ್ನು ಹೇಳುತ್ತಿದ್ದಾರೆ. ಎರಡನ್ನೂ ಬರೆದಿಟ್ಟುಕೊಳ್ಳಿ. ಮೊದಲನೆಯದು ಪುಸ್ತಕಗಳಲ್ಲಿ ಸಿಗುತ್ತದೆ. ಎರಡನೆಯದು ಅವರ ಬಳಿ ಮಾತ್ರ ಇದೆ.

ಪ್ರಶ್ನೆ: ಕಾದಂಬರಿ ಆಧಾರಿತ ಚಿತ್ರಗಳ ಕುರಿತು ಪ್ರಬಂಧ ಬರೆಯುತ್ತಿದ್ದೇನೆ. ‘ಸಂಸ್ಕಾರ’ಕ್ಕೆ 1970, 1971 ಎಂದೂ ‘ವಂಶವೃಕ್ಷ’ಕ್ಕೆ 1971, 1972 ಎಂದೂ ಬೇರೆ ಬೇರೆ ಕಡೆ ಕಾಣುತ್ತಿದೆ. ಯಾವುದನ್ನು ಬರೆಯಲಿ? (ಪದವಿ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಈ ಪ್ರಶ್ನೆಯನ್ನು ಧಾರವಾಡದಿಂದಲೇ ಕೇಳಿದ್ದು ಸಂತೋಷ. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಪುಸ್ತಕವಾಗಿ ಹೊರಬಂದದ್ದು ನಿಮ್ಮೂರಿನ ಮನೋಹರ ಗ್ರಂಥಮಾಲೆಯಿಂದ. ಅದರ ಚಿತ್ರರೂಪದಲ್ಲಿ ಪ್ರಾಣೇಶಾಚಾರ್ಯರ ಪಾತ್ರ ಮಾಡಿದ ಗಿರೀಶ ಕಾರ್ನಾಡರು ಓದಿದ್ದು ನಿಮ್ಮೂರಿನ ಕರ್ನಾಟಕ ಕಾಲೇಜಿನಲ್ಲಿ. ‘ವಂಶವೃಕ್ಷ’ದ ಲೇಖಕ ಭೈರಪ್ಪನವರೂ ಹುಬ್ಬಳ್ಳಿಯ ಕಾಡಸಿದ್ಧೇಶ್ವರ ಕಾಲೇಜಿನಲ್ಲಿ ಪಾಠ ಹೇಳಿದವರು.

ವರ್ಷದ ಗೊಂದಲಕ್ಕೆ ಕಾರಣ ಇಷ್ಟೆ: ಒಂದು ಚಿತ್ರಕ್ಕೆ ಸೆನ್ಸಾರ್ ಪ್ರಮಾಣಪತ್ರದ ವರ್ಷ, ಬಿಡುಗಡೆಯ ವರ್ಷ, ಪ್ರಶಸ್ತಿಯ ಸಾಲು ಎಂದು ಮೂರು ಲೆಕ್ಕಗಳಿರುತ್ತವೆ. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ಕ್ಕೆ ಮದರಾಸಿನ ಸೆನ್ಸಾರ್ ಮಂಡಳಿ ಮೊದಲಿಗೆ ಅನುಮತಿಯನ್ನೇ ನಿರಾಕರಿಸಿತ್ತು, ಆದ್ದರಿಂದ ಚಿತ್ರ ಸಿದ್ಧವಾದ ಕಾಲಕ್ಕೂ ಜನ ಅದನ್ನು ನೋಡಿದ ಕಾಲಕ್ಕೂ ಅಂತರ ಬಿತ್ತು. ಅದಕ್ಕೆ ಬಂದ ಸ್ವರ್ಣಕಮಲ, ಅಂದರೆ ಶ್ರೇಷ್ಠ ಚಿತ್ರದ ರಾಷ್ಟ್ರಪ್ರಶಸ್ತಿ, 1970ರ ಸಾಲಿನದು, ಆದರೆ ರಾಷ್ಟ್ರಪ್ರಶಸ್ತಿಗಳನ್ನು ಪ್ರದಾನ ಮಾಡುವುದು ಮುಂದಿನ ವರ್ಷಗಳಲ್ಲಿ. ‘ವಂಶವೃಕ್ಷ’ಕ್ಕಾಗಿ ಕಾರ್ನಾಡರೂ ಬಿ.ವಿ. ಕಾರಂತರೂ ಹಂಚಿಕೊಂಡ ಶ್ರೇಷ್ಠ ನಿರ್ದೇಶನದ ಪ್ರಶಸ್ತಿ 1971ರ ಸಾಲಿನದು. ರಾಜ್ಯ ಪ್ರಶಸ್ತಿಗಳಲ್ಲಂತೂ 1970–71 ಎಂದು ಜೋಡಿ ವರ್ಷವೇ ಇರುತ್ತಿತ್ತು. ಅದನ್ನು ಕೆಲವರು ಹಿಂದಿನದಕ್ಕೆ, ಕೆಲವರು ಮುಂದಿನದಕ್ಕೆ ಸೇರಿಸಿಬಿಡುತ್ತಾರೆ.

ನನ್ನ ಸಲಹೆಯೆಂದರೆ, ಚಿತ್ರದ ಮೊದಲಿಗೆ ತೆರೆಯ ಮೇಲೆ ಬರುವ ಪ್ರಮಾಣಪತ್ರವನ್ನು ನಿಲ್ಲಿಸಿ ಓದಿ. ಭಾಷೆ, ರೀಲುಗಳ ಸಂಖ್ಯೆ, ಮೀಟರಿನಲ್ಲಿ ಉದ್ದ, ಕೊಟ್ಟ ದಿನಾಂಕ ಎಲ್ಲವೂ ಅದರಲ್ಲಿರುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು: ಆಗ ಪ್ರಮಾಣಪತ್ರಕ್ಕೆ ಹತ್ತು ವರ್ಷದ ಅವಧಿಯಿತ್ತು, ಆಮೇಲೆ ಹೊಸದಾಗಿ ಪಡೆಯಬೇಕಿತ್ತು. ಹಳೆಯ ಚಿತ್ರದ ಮೇಲೆ ಎಂಬತ್ತರ ದಶಕದ ದಿನಾಂಕ ಕಂಡರೆ ಅದು ನವೀಕರಣದ್ದೆಂದು ತಿಳಿಯಿರಿ. ಪ್ರಬಂಧದಲ್ಲಿ ‘1970ರ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದ’ ಎಂದು ಬಿಡಿಸಿ ಬರೆದರೆ ಯಾರೂ ತಪ್ಪು ಹುಡುಕಲಾರರು. ಇದೇ ಎಚ್ಚರಿಕೆಯಿಂದ ನೋಡಿದರೆ, ವಿಷ್ಣುವರ್ಧನ್ ಅವರ ಮೊದಲ ಚಿತ್ರ ‘ನಾಗರಹಾವು’ ಎಂಬ ಮಾತನ್ನೂ ತಿದ್ದಬೇಕಾಗುತ್ತದೆ. ನಾಯಕರಾಗಿ ಅದು ಮೊದಲನೆಯದು ನಿಜ. ಅದಕ್ಕೂ ಮುಂಚೆ ಸಂಪತ್‌ಕುಮಾರ ಎಂಬ ತಮ್ಮ ಮೂಲ ಹೆಸರಿನಲ್ಲೇ ‘ವಂಶವೃಕ್ಷ’ದಲ್ಲಿ ಅವರು ಸಣ್ಣ ಪಾತ್ರ ಮಾಡಿದ್ದರು.

ಪ್ರಶ್ನೆ: 1975ರಲ್ಲಿ ವಿಜಾಪುರ ಜಿಲ್ಲೆಯ ಸೋದರಮಾವನ ಹಳ್ಳಿಯಲ್ಲಿ ಕನ್ನಡದ ಟಿ.ವಿ. ಕಾರ್ಯಕ್ರಮ ನೋಡಿದೆನೆಂದು ನಮ್ಮ ಅಜ್ಜ ಹೇಳುತ್ತಾರೆ. ಹುಬ್ಬಳ್ಳಿಯಲ್ಲೇ ಇಲ್ಲದ ಟಿ.ವಿ. ಹಳ್ಳಿಗೆ ಬಂದಿತ್ತೆ? (ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಬಂದಿತ್ತು. ದೆಹಲಿಯಲ್ಲಿ 1959ರಲ್ಲಿ ಆರಂಭವಾದ ದೂರದರ್ಶನ ಮುಂಬಯಿಗೆ ಬಂದದ್ದೇ 1972ರ ಅಕ್ಟೋಬರ್ 2ರಂದು. ಬೆಂಗಳೂರು ಕೇಂದ್ರ ಶುರುವಾದದ್ದು 1981ರಲ್ಲಿ. ನಡುವೆ, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ತಲುಪಿಸುವ ‘ಸೈಟ್’ ಎಂಬ ಪ್ರಯೋಗ ನಡೆಯಿತು. ನಮ್ಮಲ್ಲಿ ಅದಕ್ಕೆ ಆಯ್ಕೆಯಾದವು ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಕೋಳಿಗೂಡಿನ ತಂತಿಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ಬುಟ್ಟಿಯಂಥ ಆಂಟೆನಾ ನೇರವಾಗಿ ಉಪಗ್ರಹದ ಸಂಕೇತವನ್ನೇ ಹಿಡಿಯುತ್ತಿತ್ತು; ಊರಿನ ಜನರೆಲ್ಲ ಒಂದೇ ಪೆಟ್ಟಿಗೆಯ ಮುಂದೆ ಕೂತು ಬೇಸಾಯ, ಆರೋಗ್ಯದ ಕಾರ್ಯಕ್ರಮ ನೋಡುತ್ತಿದ್ದರು. ಅಜ್ಜ ಅಲ್ಲಿ ಏನೇನು ನೋಡಿದರೆಂದು ಕೇಳಿ ನಮಗೆ ಬರೆಯಿರಿ, ಪ್ರಕಟಿಸುತ್ತೇವೆ.

ಪ್ರಶ್ನೆ: ಹಳೆಯ ಪಂಚಾಂಗದಲ್ಲಿ ಸಿನಿಮಾ ಹ್ಯಾಂಡ್‌ಬಿಲ್ ಒಂದು ಸಿಕ್ಕಿದೆ. ‘ಹಾವೇರಿ, ಧಾರವಾಡ ಜಿಲ್ಲೆ, ಮೈಸೂರು ರಾಜ್ಯ’ ಎಂದಿದೆ, ಇಸವಿ ಇಲ್ಲ. ಕಾಲ ತಿಳಿಯಬಹುದೆ? (ಓದುಗರೊಬ್ಬರು, ಹಾವೇರಿ)

ಉತ್ತರ: ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ನಿಮ್ಮ ಹ್ಯಾಂಡ್‌ಬಿಲ್ ಬಹುತೇಕ ಈ ಎರಡರ ನಡುವಿನದು. ಚಿತ್ರದ ಹೆಸರನ್ನೂ ಕೆಳಗಿನ ಮುದ್ರಣಾಲಯದ ಹೆಸರನ್ನೂ ಬರೆದು ಕಳಿಸಿದರೆ ಇನ್ನಷ್ಟು ಹತ್ತಿರದ ಕಾಲವನ್ನು ಹೇಳಬಹುದು. ಮಡಿಕೆಯ ಗೆರೆಯಲ್ಲಿ ಹರಿಯದಂತೆ ಅದನ್ನು ಬಿಡಿಸಿ, ಎರಡು ಬಿಳಿ ಹಾಳೆಗಳ ನಡುವೆ ಇಡಿ; ಅಂಟುಪಟ್ಟಿ ಮಾತ್ರ ಹಚ್ಚಬೇಡಿ.